ಬಾಯಿ ಮೂಸುತ್ತಿದ್ದ ಪಂಡಿತರು

“ಎಲ್ಲಿ, ಒಮ್ಮೆ ಬಾಯಿ ತೆರೆದು ಊದಿ.”

ಪಂಡಿತರ ಬಳಿ ಕೆಮ್ಮಿನ ಮದ್ದಿಗೆ ಹೋಗಿದ್ದ ನಾನು ಹೆದರಿ ಊದಿದೆ. ಪಾನನಿರೋಧದ ಆ ದಿನಗಳಲ್ಲಿ ಬಂಟ್ವಾಳದ ಬಸ್ ನಿಲ್ದಾಣದಲ್ಲಿ ಕಂಡವರ ಬಾಯಿ ಮೂಸಿ, ಕುಡಿದವರನ್ನು ಠಾಣೆಗೆ ಎಳೆಯುತ್ತಿದ್ದ ಪೊಲೀಸಿನವರು ಇವರೇ. ನಿವೃತ್ತರಾದದ್ದೇ ತಡ, ಅಲ್ಲೇ ಎದುರಿಗೆ ಪಂಡಿತರಾಗಿ ಅರಿಷ್ಟದ ಅಂಗಡಿ ಇಟ್ಟಿದ್ದರು. ಅರಿಷ್ಟ ಔಷಧಿಯಾದ್ದರಿಂದ, ಎಷ್ಟು ಕುಡಿದು ತೂರಾಡಿದರೂ ಕಾನೂನಿನ ಕಣ್ಣಿಗೆ ಅದು ಚಿಕಿತ್ಸೆಯೇ.

“ನಿಮಗೆ ಅಭ್ಯಾಸ ಇಲ್ಲ ಮಾರಾಯ್ರೆ, ಎರಡು ಚಮಚ ಸಾಕು,” ಎಂದರು.

ನನ್ನ ಹಿಂದೆ, ಅವರಿಂದಲೇ ಎರಡು ಸಲ ಜೈಲು ಕಂಡಿದ್ದ ಪೂವಪ್ಪ ನಿಂತಿದ್ದ. “ನನಗೆ ಲೋಟದಲ್ಲೇ ಕೊಡಿ ಪಂಡಿತರೇ. ನನ್ನ ಕಾಯಿಲೆ ಹಳೆಯದು, ನಿಮಗೆ ಗೊತ್ತುಂಟಲ್ಲ,” ಎಂದ. ಪಂಡಿತರು ಮೂಸದೆಯೇ ತುಂಬಿಸಿ ಕೊಟ್ಟರು.

ನನ್ನ ಕೆಮ್ಮು ವಾರದಲ್ಲಿ ಹೋಯಿತು. ಪೂವಪ್ಪನ ಕಾಯಿಲೆ ಮಾತ್ರ, ಪಂಡಿತರು ಅಂಗಡಿಯ ಮೇಲೆ ಮಹಡಿ ಎಬ್ಬಿಸಿದರೂ ವಾಸಿಯಾಗಲಿಲ್ಲ.