ಪರದೆಯ ಮೇಲೆ ತಾತನ ಪೌರೋಹಿತ್ಯ

ಚಾಮರಾಜಪುರಂನಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಏನೇ ಆದರೂ ನಮ್ಮ ತಾತನೇ ಪುರೋಹಿತರು. ಒಮ್ಮೆ ಸಿನಿಮಾದವರು ಮದುವೆಯ ದೃಶ್ಯಕ್ಕೆ ನಿಜವಾದ ಪುರೋಹಿತರೇ ಬೇಕೆಂದು ಅವರನ್ನು ಕಾರಿನಲ್ಲಿ ಸ್ಟುಡಿಯೋಗೆ ಕರೆದೊಯ್ದರು.

ಚಿತ್ರ ಬಂದಾಗ ಬೀದಿಗೆ ಬೀದಿಯೇ ಟಾಕೀಸಿಗೆ ಹೊರಟಿತು. ಆ ನಾಯಕನ ಮುಖ ನನಗೀಗ ಮರೆತೇಹೋಗಿದೆ. ಅವನು ತಾಳಿ ಕಟ್ಟುವಾಗ ಪಕ್ಕದಲ್ಲಿ ಕಣ್ಣು ಮುಚ್ಚಿ ಗಂಭೀರವಾಗಿ ಮಂತ್ರ ಹೇಳುತ್ತಿದ್ದ ತಾತ ಮಾತ್ರ ಕಣ್ಣಿಗೆ ಕಟ್ಟಿದಂತಿದ್ದಾರೆ.

ಅಜ್ಜಿ ಜೋರಾಗಿಯೇ ಕೇಳಿದರು: "ಅಯ್ಯೋ, ಇದು ಗೃಹಪ್ರವೇಶದ ಮಂತ್ರ ಅಲ್ವೇನ್ರೀ?"

"ಮೆತ್ತಗೆ ಮಾತಾಡೇ. ಮದುವೆ ಮಂತ್ರ ಹೇಳಿದ್ರೆ ಮದುವೆ ಆಗೇ ಹೋಗುತ್ತೆ. ಆ ಹುಡುಗನಿಗೆ ಮನೇಲಿ ಹೆಂಡ್ತಿ ಇದ್ದಾಳೆ ಕಣೇ" ಎಂದರು ತಾತ.

ನಮ್ಮ ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಮುಂದೆ ಕೂತವರು ತಿರುಗಿ ಗದರಿದರು.

ಇಂಟರ್‌ವಲ್ ಆದಮೇಲೆ ಕಥೆಯಲ್ಲಿ ಆ ಗಂಡಹೆಂಡಿರು ಬೇರೆಯಾದರು. ಟಾಕೀಸಿನ ತುಂಬ ಮೂಗೊರೆಸಿಕೊಳ್ಳುವ ಸದ್ದು. ಅಜ್ಜಿಯಂತೂ ಸೆರಗು ಬಾಯಿಗೊತ್ತಿಕೊಂಡು ಬಿಕ್ಕುತ್ತಿದ್ದರು. ತಾತ ನಶ್ಯದ ಡಬ್ಬಿ ತೆಗೆದು ನಿರಾಳವಾಗಿ ಒಂದು ಚಿಟಿಕೆ ಏರಿಸಿದರು.

"ಯಾಕೆ ಅಳ್ತೀಯೆ? ಅವರಿಗೆ ಮದುವೇನೇ ಆಗಿಲ್ಲ. ಮಾಡಿಸಿದೋನು ನಾನಲ್ವೇ?"