ಕೊಂಡ್ಕೋ ಎಂದಿದ್ದ ಮೇಸ್ತ್ರಿ

ನಮ್ಮ ಮನೆಯಲ್ಲಿ ಈ ಕತೆ ಹೇಳುವ ರೀತಿಯೇ ತಪ್ಪು. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ನನ್ನ ಚಿಕ್ಕಮ್ಮ ಹೇಳುವ ಪ್ರಕಾರ, ನನಗೆ ಹಿಡಿದಿದ್ದ ಕೆಂಪು ಕಾರಿನ ಹುಚ್ಚನ್ನು ಗ್ಯಾರೇಜಿನ ಮೇಸ್ತ್ರಿ ಎರಡೇ ಮಾತಿನಲ್ಲಿ ಬಿಡಿಸಿದರು. ಮೇಸ್ತ್ರಿಯ ಗಲ್ಲಿಯವರದು ಬೇರೆ ಕತೆ: ಮಾರುವವರು ಕಮಿಷನ್ ಕೊಡುವ ಮಾತೆತ್ತಲಿಲ್ಲ, ಅದಕ್ಕೇ ವ್ಯಾಪಾರ ಕೆಡಿಸಿದರು. ಎರಡಕ್ಕೂ ನನ್ನ ಆಕ್ಷೇಪಣೆ ಒಂದೇ. ಆ ಕಾರಿನ ವಿರುದ್ಧ ಅವರು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದು ನಾನು.

ಹೋದ ವಾರ ಕಾಲೇಜು ದಿನಗಳ ಚರ್ಚಾಸ್ಪರ್ಧೆಯ ಫೈಲು ಖಾಲಿ ಮಾಡುವಾಗ ಬೆರಳುದ್ದದ ಕಾಗದದ ಚೂರೊಂದು ಕೆಳಗೆ ಬಿತ್ತು. ಪೆನ್ಸಿಲ್ ತಿಕ್ಕಿ ಕಪ್ಪಾಗಿದ್ದ ಅದರ ನಡುವೆ ಬೆಳ್ಳಗೆ ಒಂದು ಸಾಲು ಅಂಕಿ. ಮೂಲೆಯಲ್ಲಿ ಹೆಬ್ಬೆರಳಿನ ಎಣ್ಣೆ ಗುರುತು. ಮೂಸಿದೆ. ಗ್ರೀಸಿನ ವಾಸನೆ ಇನ್ನೂ ಇತ್ತು ಎಂದರೆ ನೀವು ನಂಬಬೇಕಾಗಿಲ್ಲ, ನಾನೂ ಪೂರ್ತಿ ನಂಬಿಲ್ಲ... ಆದರೆ ಮೇಸ್ತ್ರಿ ಮಾತ್ರ ಹತ್ತಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಎದುರಿಗೆ ಬಂದು ನಿಂತರು.

ಚಾಮರಾಜಪೇಟೆಯ ಎರಡು ರಸ್ತೆಗಳ ಬೆನ್ನಿಗಿರುವ ಕನ್ಸರ್ವೆನ್ಸಿ ಗಲ್ಲಿಯಲ್ಲಿ ಅವರ ಶೆಡ್ಡು. ಶಂಕರಪುರದ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಅಪ್ಪನ ಸ್ಕೂಟರ್ ಕೆಟ್ಟಾಗಲೆಲ್ಲ ತಳ್ಳಿಕೊಂಡು ಹೋಗುತ್ತಿದ್ದವಳು ನಾನು. ಹೋದಾಗಲೆಲ್ಲ ಒಂದು ಜಗಳ. ಪ್ಲಗ್ ಹೋಗಿದೆ ಎಂದರೆ ಸಾಕ್ಷಿ ಕೇಳುತ್ತಿದ್ದೆ. ಅವರು ಪ್ಲಗ್ ಬಿಚ್ಚಿ, ಸುಡುತ್ತಿದ್ದರೂ ನನ್ನ ಅಂಗೈಗೇ ಹಾಕುತ್ತಿದ್ದರು. "ತಗೋ ಲಾಯರಮ್ಮ, ಸಾಕ್ಷಿ." ನಾನು ಲಾಯರ್ ಆಗಿರಲಿಲ್ಲ, ಆಗುವ ಯೋಚನೆಯೂ ಇರಲಿಲ್ಲ. ಆ ಹೆಸರನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ನಾವು ಆರಿಸಿಕೊಳ್ಳುವಂತಿಲ್ಲ, ಚೀಟಿ ಎತ್ತಿ ಕೊಡುತ್ತಾರೆ. ಯಾವ ಚೀಟಿ ಬಂದರೂ ಗೆಲ್ಲಬಲ್ಲೆ ಎಂಬ ಜಂಬ ನನಗಿತ್ತು. ಒಮ್ಮೆ ಕಪ್ ಗೆದ್ದು ಅದೇ ಖುಷಿಯಲ್ಲಿ ಶೆಡ್ಡಿಗೆ ಹೋಗಿ ಈ ಪದ್ಧತಿಯನ್ನು ವಿವರಿಸಿದ್ದೆ. "ಅಂದ್ರೆ ಮನಸ್ಸಲ್ಲಿ ಇರೋದು ಒಂದು, ಬಾಯಲ್ಲಿ ಬರೋದು ಇನ್ನೊಂದು. ಅದಕ್ಕೆ ಕಪ್ ಬೇರೆ ಕೊಡ್ತಾರಾ?" ಎಂದು ಕೇಳಿದ್ದರು. ಉತ್ತರ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಅವರು ಅಷ್ಟರಲ್ಲಿ ಒಂದು ಚಕ್ರ ಬಿಚ್ಚಿ ಹಾಕಿ ಮುಗಿಸಿದ್ದರು.

ಕಾರು ಸಿಕ್ಕಿದ್ದು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಮಲ್ಲೇಶ್ವರದ ಒಬ್ಬ ಹಲ್ಲಿನ ಡಾಕ್ಟರರ ಕಾಂಪೌಂಡಿನಲ್ಲಿ, ಹೊದಿಕೆಯ ಕೆಳಗೆ ನಿಂತಿತ್ತು. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಮೈ, ಕೆಂಪು ಬಣ್ಣ. ಅಂಥ ಸ್ಪೋರ್ಟ್ಸ್ ಕಾರನ್ನು ನಾನು ಕೊಳ್ಳುವಂತಿದ್ದುದಕ್ಕೆ ಒಂದೇ ಕಾರಣ, ಅದರೊಳಗಿದ್ದ ಎಂಜಿನ್ ಅದರದ್ದಲ್ಲ. ಮೊದಲಿನದು ಕೆಟ್ಟು, ಬಿಡಿಭಾಗ ಸಿಗದೆ, ಎರಡು ವರ್ಷದ ಹಿಂದೆ ಬೇರೆ ದೊಡ್ಡ ಕಾರಿನ ಎಂಜಿನ್ ತಂದು ಕೂರಿಸಿದ್ದರು. ಮೊದಲಿಗಿಂತ ಎರಡರಷ್ಟು ಶಕ್ತಿ ಎಂದು ಡಾಕ್ಟರರು ಹೆಮ್ಮೆಯಿಂದ ಹೇಳಿದರು. ಭಾನುವಾರ ಸಂಜೆ ಇನ್ನೊಬ್ಬರು ಬರುತ್ತಾರೆ, ಅಷ್ಟರೊಳಗೆ ತಿಳಿಸಿ ಎಂದರು.

ಎಂಟನೇ ವಯಸ್ಸಿನಿಂದ ಪುಸ್ತಕದ ಹೊದಿಕೆಗೆ ಅಂಥದೇ ಕಾರಿನ ಚಿತ್ರ ಹಾಕಿಕೊಂಡು ಬೆಳೆದವಳು ನಾನು. ಮನೆಯಲ್ಲಿ ಮೂರು ದಿನ ವಾದಿಸಿದೆ. ಅಪ್ಪ ಸೋತರು, ಆದರೆ ಒಂದು ಷರತ್ತು ಹಾಕಿದರು. "ಮೇಸ್ತ್ರಿ ಹ್ಞೂಂ ಅಂದ್ರೆ ನಂದೂ ಹ್ಞೂಂ."

ಭಾನುವಾರ ಬೆಳಗ್ಗೆ ಮೇಸ್ತ್ರಿ ಒಗೆದ ಬಿಳಿ ಅಂಗಿ ಹಾಕಿಕೊಂಡು, ಹೆಣ್ಣು ನೋಡಲು ಹೊರಟವರಂತೆ ನನ್ನ ಜೊತೆ ಆಟೋ ಹತ್ತಿದರು. ಹೋದವರೇ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ನಾವು ಬರುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿಲ್ಲ, ಮನುಷ್ಯ ಪರವಾಗಿಲ್ಲ ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಎಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟುಕೊಂಡು ಬಹಳ ಹೊತ್ತು ಕೇಳಿದರು. ಆಮೇಲೆ ನನ್ನ ಕೈಗೆ ಪೆನ್ಸಿಲ್ಲು, ಕಾಗದ ಕೊಟ್ಟು, ಎಂಜಿನ್ ನಂಬರಿನ ಮೇಲೆ ಇಟ್ಟು ತಿಕ್ಕು ಎಂದರು. ತಿಕ್ಕಿದೆ. ಮೂಡಿದ ಅಂಕಿಗೂ ಗಾಡಿಯ ಆರ್‌ಸಿ ಪುಸ್ತಕದಲ್ಲಿದ್ದ ಅಂಕಿಗೂ ತಾಳೆಯಾಗಲಿಲ್ಲ. ದಾಖಲೆಯಲ್ಲಿ ಇನ್ನೂ ಸತ್ತ ಎಂಜಿನ್ನೇ ಇತ್ತು. ಆರ್‌ಟಿಒ ಆಫೀಸಿಗೆ ಹೋಗಿ ಬದಲಾಯಿಸಿಕೊಂಡರಾಯಿತು, ಯಾರೂ ನೋಡುವುದಿಲ್ಲ ಎಂದರು ಡಾಕ್ಟರರು. ಮೇಸ್ತ್ರಿ ಆ ಕಾಗದದ ಚೂರನ್ನು ನನ್ನ ಕೈಗೇ ಕೊಟ್ಟು ಬಾನೆಟ್ ಮುಚ್ಚಿದರು.

ಆಮೇಲೆ ನಾನು ಓಡಿಸಿದೆ. ಪಕ್ಕದ ಸೀಟಿನಲ್ಲಿ ಮೇಸ್ತ್ರಿ ಕಣ್ಣು ಮುಚ್ಚಿ, ಸಂಗೀತ ಕಚೇರಿಯಲ್ಲಿ ಕೂತವರಂತೆ ಎಂಜಿನ್ ಕೇಳುತ್ತಿದ್ದರು. ಒಂದು ಇಳಿಜಾರಿನಲ್ಲಿ... ಆ ಇಳಿಜಾರಿನ ವಿಷಯ ಆಮೇಲೆ.

ವಾಪಸ್ ಬರುವಾಗ ಗಾಂಧಿ ಬಜಾರಿನಲ್ಲಿ ಇಳಿದು, ಹೋಟೆಲಿನ ಮುಂದೆ ನಿಂತು ಕಾಫಿ ಕುಡಿದೆವು. ತೀರ್ಪು ಕೇಳಿದೆ. ಅವರು ಕಾಫಿ ಆರಿಸುತ್ತಾ ನಕ್ಕರು.

"ನಿಮ್ ಕಾಲೇಜಲ್ಲಿ ಚೀಟಿ ಎತ್ತಿ ಕೊಡ್ತಾರಲ್ಲ, ಇವತ್ತು ನಾನ್ ಕೊಡ್ತೀನಿ. ಕೊಂಡ್ಕೋ ಅನ್ನೋದು ನನ್ ಪಾರ್ಟಿ. ಬೇಡ ಅನ್ನೋದು ನಿಂದು. ಶುರು ಮಾಡು."

ಇದು ಮೋಸ, ನನಗೆ ಬೇಕಾದ ಪಕ್ಷವನ್ನು ನೀವು ತಗೊಂಡಿದ್ದೀರಿ ಎಂದೆ. ಕಪ್ ಗೆಲ್ಲುವಾಗ ಇಲ್ಲದ ಮೋಸ ಈಗ ಎಲ್ಲಿಂದ ಬಂತು ಎಂದರು.

ಅವರು ವಾದಿಸಿದ್ದನ್ನು ನೀವು ಕೇಳಬೇಕಿತ್ತು. ಎಂಜಿನ್ ಕೂರಿಸಿದವನು ಯಾರೋ ಪುಣ್ಯಾತ್ಮ, ಬೆಸುಗೆ ಒಡವೆ ಕೆಲಸದ ಹಾಗಿದೆ. ಸದ್ದು ಒಂದೇ ಸಮ. ಇಂಥ ಗಾಡಿ ಮತ್ತೆ ಸಿಗುವುದಿಲ್ಲ. ನಾನು ಲೆಕ್ಕಾಚಾರದ ಮಾತೆತ್ತಿದರೆ, "ಎಲ್ಲಾ ಲೆಕ್ಕ ಹಾಕ್ಕೊಂಡು ಕೂತ್ರೆ ಯಾರಾದ್ರೂ ಮನೆಗೆ ನಾಯಿಮರಿ ತರ್ತಾರಾ?" ಎಂದರು. ನಾನು ಮೂರು ದಿನ ಅಪ್ಪನೆದುರು ಆಡಿದ್ದಕ್ಕಿಂತ ಅದು ಚೆನ್ನಾಗಿತ್ತು. ನನಗೆ ರೋಷ ಬಂತು. ನಂಬರು ಹಿಡಿದುಕೊಂಡೆ: ಇನ್ಶೂರೆನ್ಸು ಇರುವುದು ಹಳೇ ಎಂಜಿನ್ನಿನ ಕಾರಿಗೆ, ನಾಳೆ ಯಾರಿಗಾದರೂ ತಾಗಿದರೆ ಆ ಕಾಗದ ನನ್ನ ಪರ ನಿಲ್ಲುತ್ತದಾ? ದಾಖಲೆ ಬದಲಾಯಿಸಿಕೋ ಎಂದರು. ಅಷ್ಟು ಸುಲಭವಿದ್ದರೆ ಡಾಕ್ಟರರು ಎರಡು ವರ್ಷ ಯಾಕೆ ಬಿಟ್ಟರು ಎಂದೆ. ಡಾಕ್ಟರು ಸೋಮಾರಿ, ಅದಕ್ಕೇ ಎಂದರು. ಎಂಜಿನ್ ದೊಡ್ಡದಾಯಿತು, ಬ್ರೇಕು ಹಳೆಯದೇ ಅಲ್ಲವಾ ಎಂದೆ.

"ಇರ್ಲಿ. ನಿಂತ್ಕೊಳ್ತು ತಾನೆ?"

"ಎಲ್ಲಿ ನಿಂತ್ಕೊಳ್ತು ಮೇಸ್ತ್ರಿ? ಆ ಇಳಿಜಾರಲ್ಲಿ ಹೂವಿನ ಬುಟ್ಟಿ ಹೊತ್ಕೊಂಡು ಒಬ್ರು ಅಡ್ಡ ಬಂದ್ರು. ನಾನು ಪೂರ್ತಿ ಒತ್ತಿದೀನಿ. ಅವರು ಹಿಂದಕ್ಕೆ ಸರಿದ್ರು, ಅದಕ್ಕೆ ಉಳಿದ್ರು. ಕಾರು ನಿಂತಿದ್ದು ಅವರು ಇದ್ದ ಜಾಗ ದಾಟಿದ ಮೇಲೆ."

ಹೇಳಿದ ಮೇಲೆಯೇ ನನಗೆ ನನ್ನ ಮಾತು ಕೇಳಿಸಿತು. ಆ ಬೆಳಗ್ಗೆಯಿಂದ ನಾನದನ್ನು ಯಾರಿಗೂ ಹೇಳಿರಲಿಲ್ಲ. ಹೇಳಬಾರದು ಎಂದು ನಿರ್ಧರಿಸಿಬಿಟ್ಟಿದ್ದೆ. ರಸ್ತೆಯಲ್ಲಿ ಮರಳಿತ್ತು, ಹೊಸ ಗಾಡಿ, ಕಾಲಿಗೆ ಅಭ್ಯಾಸವಿಲ್ಲ... ಹೀಗೆ ಮೂರು ಸಮರ್ಥನೆಗಳನ್ನು ಆಟೋದಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಬೇಕು ಎನ್ನುವ ಪಕ್ಷದಲ್ಲಿದ್ದಿದ್ದರೆ ಆ ಹೆಂಗಸನ್ನು ಎಂದೂ ಬಾಯಿಗೆ ತರುತ್ತಿರಲಿಲ್ಲ.

ಮೇಸ್ತ್ರಿ ಲೋಟ ಕೆಳಗಿಟ್ಟರು. "ಸರಿಯಮ್ಮ. ನಾನ್ ಸೋತೆ," ಎಂದರು. ಕಾಫಿಯ ಕಾಸನ್ನೂ, ಸೋತವರು ಕೊಡಬೇಕು ಎಂದು ಅವರೇ ಕೊಟ್ಟರು.

ಡಾಕ್ಟರರಿಗೆ ಫೋನ್ ಮಾಡಿ ಬೇಡ ಎಂದೆ, ಬ್ರೇಕಿನ ವಿಷಯವನ್ನೂ ಹೇಳಿದೆ. ಮರುದಿನ ಮೇಸ್ತ್ರಿ ತಾವೇ ಮಲ್ಲೇಶ್ವರಕ್ಕೆ ಹೋಗಿ, ಬ್ರೇಕು ಸರಿಮಾಡಿಸದೆ ಯಾರಿಗೂ ಕೊಡಬೇಡಿ ಎಂದು ಅವರನ್ನು ಒಪ್ಪಿಸಿ, ಕೆಲಸವನ್ನೂ ಮಾಡಿಕೊಟ್ಟು ಬಂದರಂತೆ. ಇದನ್ನೂ ನನಗೆ ಅವರು ಹೇಳಲಿಲ್ಲ, ಡಾಕ್ಟರರೇ ಗೊಣಗುತ್ತಾ ಹೇಳಿದರು.

ಹೋದ ವರ್ಷ ಮೇಸ್ತ್ರಿ ಹೋದರು. ನನಗೆ ತಿಳಿಯುವಷ್ಟರಲ್ಲಿ ಕಾರ್ಯವೂ ಮುಗಿದಿತ್ತು. ಶೆಡ್ಡಿನ ಜಾಗದಲ್ಲಿ ಈಗ ಪಾರ್ಸೆಲ್ ಡಬ್ಬಗಳ ಗೋದಾಮು, ನೆಲದ ಎಣ್ಣೆ ಕಲೆ ಮಾತ್ರ ಹೋಗಿಲ್ಲ. ನಾನು ಶನಿವಾರಗಳಂದು ಕಾಲೇಜು ಹುಡುಗಿಯರಿಗೆ ಚರ್ಚೆ ಕಲಿಸುತ್ತೇನೆ. ನಿಮಗೆ ತುಂಬಾ ಬೇಕಾದ ಒಂದನ್ನು ಆರಿಸಿ, ಅದರ ವಿರುದ್ಧ ಮಾತಾಡಿ ಎನ್ನುವುದು ಮೊದಲ ಪಾಠ. ಯಾರಿಂದ ಕಲಿತದ್ದು ಎಂದೂ ಹೇಳುತ್ತೇನೆ.

ಒಂದು ಸಂದೇಹ ಮಾತ್ರ ಉಳಿದಿದೆ. ಆ ಇಳಿಜಾರಿನಲ್ಲಿ ನಾನು ಬ್ರೇಕ್ ಒತ್ತಿದಾಗ ಪಕ್ಕದಲ್ಲಿ ಅವರ ಬಲಗಾಲೂ ಕೆಳಗಿನ ಮ್ಯಾಟನ್ನು ಬಲವಾಗಿ ಒತ್ತಿತ್ತು ಎಂದು ನನ್ನ ನೆನಪು. ಇದು ಸಾಕ್ಷಿಯಾಗುವುದಿಲ್ಲ, ಗೊತ್ತು. ಕಣ್ಣು ಮುಚ್ಚಿದವರೂ ಜರ್ಕ್ ಹೊಡೆದರೆ ಕಾಲೂರುತ್ತಾರೆ. ಆಮೇಲೆ ನಾನೇ ಸೇರಿಸಿಕೊಂಡ ನೆನಪೂ ಇರಬಹುದು... ಕೇಳಿಬಿಡಬೇಕಿತ್ತು. ಎಲ್ಲದಕ್ಕೂ ಸಾಕ್ಷಿ ಕೇಳುತ್ತಿದ್ದವಳು ಇದೊಂದನ್ನು ಕೇಳದೆ ಉಳಿದೆ.

ಮೇಸ್ತ್ರಿ, ಅವತ್ತು ನಿಮ್ಮ ಕಣ್ಣು ನಿಜವಾಗಲೂ ಮುಚ್ಚಿತ್ತಾ?