ತ್ಸೊನ್ಕಾಳ ಮಾತಾಡುವ ಬಸ್ಸು

ನಮ್ಮ ಪ್ಲೆವೆನ್ ಪಟ್ಟಣದಲ್ಲಿ ಊಟಕ್ಕೆ ಕೂತು ಸಿ ಎಂಬ ಕಂಪ್ಯೂಟರ್ ಭಾಷೆಯನ್ನು ಬಾಯಿಗೆ ಬಂದ ಹಾಗೆ ಬೈಯುವ ಹೆಂಗಸು ಅಂದರೆ ತ್ಸೊನ್ಕಾ ಒಬ್ಬಳೇ. ಕರೆಂಟಿನಲ್ಲಿ ಓಡುವ ಟ್ರಾಲಿ ಬಸ್ಸುಗಳ ಡಿಪೋದಲ್ಲಿ ಪ್ರೋಗ್ರಾಂ ಬರೆಯುವ ಕೆಲಸ ಅವಳದು. ಐವತ್ತು ದಾಟಿದೆ, ಕೂದಲಿಗೆ ಕೆಂಪು ಬಣ್ಣ, ಬಾಯಿ ತುಸು ಜೋರು. ಗಂಡ ಮಿಂಕೊ ಒಂದು ಅಂಗಡಿಯಲ್ಲಿ ಅಕಾರ್ಡಿಯನ್ ರಿಪೇರಿ ಮಾಡುವವನು. ಬೀನ್ಸ್ ಸಾರು ಸುರಿಯುತ್ತ ಅಷ್ಟೂ ಬೈಗುಳ ಕೇಳಿಸಿಕೊಂಡೇ ಅವನ ಅರ್ಧ ಆಯುಷ್ಯ ಕಳೆದಿದೆ. ಹೆಂಡತಿಯ ಮಾತಿಗೆ ಕಿವಿಗೊಡದೆ ಸಂಸಾರ ನಡೆದೀತೇ?

ಎರಡು ವರ್ಷದ ಹಿಂದೆ ಮಿಂಕೊನ ಕಣ್ಣು ಪೂರ್ತಿ ಹೋಯಿತು. ಕೈಗಳು ಕೆಲಸ ಮರೆತಿರಲಿಲ್ಲ, ಅಂಗಡಿ ತಲುಪುವುದೇ ಕಷ್ಟವಾಯಿತು. ಯಾವ ನಿಲ್ದಾಣ ಬಂತೆಂದು ಪಕ್ಕದವರನ್ನು ಕೇಳಬೇಕು, ಕೇಳುವುದು ಅವನ ಜಾಯಮಾನವಲ್ಲ. "ಬಸ್ಸಲ್ಲಿ ಕೂತು ಭಿಕ್ಷೆ ಬೇಡಿದ ಹಾಗಾಗುತ್ತೆ ಕಣೇ," ಅಂದು ಮನೆ ಹಿಡಿದು ಕೂತ. ಊರೆಲ್ಲ ಸುತ್ತುತ್ತಿದ್ದ ಗಂಡಸು ಮೂಲೆಯಲ್ಲಿ ರೇಡಿಯೊ ತಿರುವುತ್ತಿರುವುದನ್ನು ಕಂಡರೆ ತ್ಸೊನ್ಕಾಳಿಗೆ ಕರುಳು ಚುರ್ ಅನ್ನುತ್ತಿತ್ತು. ಕಡೆಗೊಂದು ದಿನ ಡಿಪೋದಲ್ಲಿ ಮೇಜು ಗುದ್ದಿ, ನಿಲ್ದಾಣದ ಹೆಸರನ್ನು ಬಸ್ಸೇ ಹೇಳುವ ಹಾಗೆ ಮಾಡುತ್ತೇನೆ ಎಂದಳು. ಪುರಸಭೆ ಒಪ್ಪಿತು. ಆದರೆ ಒಂದೇ ಒಂದು ಪರೀಕ್ಷೆ, ಅದರಲ್ಲಿ ಎಡವಿದರೆ ಮತ್ತೆ ಈ ಮಾತು ಎತ್ತಬಾರದು ಎಂದಿತು.

ಉಪಾಯ ಸರಳವಾಗಿತ್ತು. ಪ್ರತಿ ನಿಲ್ದಾಣದ ಕಂಬಕ್ಕೂ ಒಂದು ಪುಟ್ಟ ಪೆಟ್ಟಿಗೆ. ಬಸ್ಸು ಹತ್ತಿರ ಬಂದಾಗ ಅದು ನಿಲ್ದಾಣದ ಹೆಸರನ್ನು ಕಳಿಸುತ್ತದೆ. ಬಸ್ಸಿನೊಳಗಿನ ಪ್ರೋಗ್ರಾಂ ಆ ಹೆಸರನ್ನು ತನ್ನಲ್ಲಿರುವ ಹೆಸರುಗಳ ಜೊತೆ ಒಂದೊಂದಾಗಿ ಹೋಲಿಸಿ, ಎರಡೂ ಒಂದೇ ಅನಿಸಿದ ಕೂಡಲೇ ಗಟ್ಟಿಯಾಗಿ ಹೇಳುತ್ತದೆ. ಡಿಪೋದ ಮೇಜಿನ ಮೇಲೆ ಇಟ್ಟು ನೋಡಿದಾಗ ಅದು ಗಿಣಿಯ ಹಾಗೆ ಹೇಳಿತ್ತು.

ಪರೀಕ್ಷೆಯ ದಿನ ಬಸ್ಸಿನಲ್ಲಿ ಪುರಸಭೆಯ ಡಿಮೋವಾ ಮೇಡಂ ಇದ್ದರು. ಮುಂದಿನ ಸೀಟಿನಲ್ಲಿ ಇಸ್ತ್ರಿ ಅಂಗಿ ತೊಟ್ಟ ಮಿಂಕೊ. ರೈಲು ನಿಲ್ದಾಣ ಬಂತು, ಮಾರುಕಟ್ಟೆ ಬಂತು, ಚೌಕ ಬಂತು. ಊಹೂಂ, ಬಸ್ಸು ತುಟಿ ಬಿಚ್ಚಲಿಲ್ಲ.

"ನಿನ್ನ ಬಸ್ಸು ನನ್ನ ಅಳಿಯನ ಥರಾನೇ ಇದೆ ಕಣಮ್ಮ," ಎಂದ ಚಾಲಕ ಗೆತ್ಸೊ. "ಮನೇಲಿ ಹುಲಿ, ಹೊರಗೆ ಬಂದ್ರೆ ಬಾಯೇ ಇಲ್ಲ."

ಕೊನೆಯ ನಿಲ್ದಾಣದಲ್ಲಿ ತ್ಸೊನ್ಕಾ ಲ್ಯಾಪ್‌ಟಾಪ್ ತೆರೆದು ನೋಡಿ ಹಣೆ ಚಚ್ಚಿಕೊಂಡಳು. ನಡುವೆ ಕೆಲವು ವರ್ಷ ಬೇರೆ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಅವಳ ಕೈ ಕೆಟ್ಟಿತ್ತು. ಅಲ್ಲಿಯ ಅಭ್ಯಾಸದಂತೆ ಎರಡು ಹೆಸರುಗಳ ನಡುವೆ ಸಮ ಚಿಹ್ನೆ ಹಾಕಿ ಕೂತಿದ್ದಳು. ಸಿ ಭಾಷೆಯಲ್ಲಿ ಹಾಗೆ ಕೇಳಿದರೆ ಅದು ಅಕ್ಷರಗಳನ್ನು ಓದುವುದೇ ಇಲ್ಲ, ಕಂಪ್ಯೂಟರಿನ ನೆನಪಿನಲ್ಲಿ ಎರಡೂ ಹೆಸರುಗಳು ಒಂದೇ ಮನೆಯಲ್ಲಿವೆಯೇ ಎಂದು ಬಾಗಿಲಿನ ನಂಬರ್ ಮಾತ್ರ ನೋಡುತ್ತದೆ. ಡಿಪೋದಲ್ಲಿ ಎರಡೂ ಹೆಸರುಗಳನ್ನು ಅವಳೇ ಪ್ರೋಗ್ರಾಮಿನೊಳಗೆ ಬರೆದಿದ್ದರಿಂದ ಜಾಗ ಉಳಿಯಲೆಂದು ಯಂತ್ರ ಎರಡನ್ನೂ ಒಂದೇ ಮನೆಯಲ್ಲಿಟ್ಟಿತ್ತು. ಇಲ್ಲಿ ಒಂದು ಹೆಸರು ಹೊರಗಿನ ಕಂಬದಿಂದ ಬಂದದ್ದು, ಅದರ ಮನೆಯೇ ಬೇರೆ. ಗಡಿಬಿಡಿಯಲ್ಲಿ ಸಮ ಚಿಹ್ನೆ ಕಿತ್ತು, ಅಕ್ಷರಕ್ಕೆ ಅಕ್ಷರ ಹೋಲಿಸುವ ಸ್ಟ್ರ್‌ಕಂಪ್ ಎಂಬ ಆಜ್ಞೆಯನ್ನು, ಮಿಂಕೊನಿಗೂ ಕೇಳುವ ಹಾಗೆ ಬೈದುಕೊಳ್ಳುತ್ತಲೇ, ಕೂರಿಸಿದಳು.

ಬಸ್ಸು ಹಿಂದಕ್ಕೆ ಹೊರಟಿತು. ಸಾರ್ವಜನಿಕ ಸ್ನಾನಗೃಹದ ನಿಲ್ದಾಣ ಹತ್ತಿರ ಬಂದಾಗ, "ಆಸ್ಪತ್ರೆ," ಎಂದಿತು. ಚೌಕದಲ್ಲೂ ಅಷ್ಟೇ ಗಾಂಭೀರ್ಯದಿಂದ, "ಆಸ್ಪತ್ರೆ."

"ಇಡೀ ಊರಿಗೇ ಕಾಯಿಲೆ ಬಂತೇನೇ ಮಗಳೇ?" ಎಂದಳು ಚೀಲ ಹಿಡಿದು ಆಗಷ್ಟೇ ಹತ್ತಿದ್ದ ಅಜ್ಜಿ. ಬಸ್ಸಿಗೆ ಬಸ್ಸೇ ನಕ್ಕಿತು. ಡಿಮೋವಾ ಮೇಡಂ ಮಾತ್ರ ಕೈಚೀಲದ ಬಾಯಿ ಮುಚ್ಚಿ, "ಇನ್ನೊಂದು ನಿಲ್ದಾಣ ನೋಡ್ತೀನಿ ತ್ಸೊನ್ಕಾ, ಆಮೇಲೆ ಸಾಕು," ಎಂದರು. ತ್ಸೊನ್ಕಾ ಮತ್ತೆ ಲ್ಯಾಪ್‌ಟಾಪಿನ ಮೇಲೆ ಬಾಗಿದಳು. ಕಣ್ಣೆದುರಿನ ಸಾಲುಗಳಲ್ಲಿ ಒಂದೂ ಅರ್ಥವಾಗುತ್ತಿರಲಿಲ್ಲ.

ಮಿಂಕೊ ತಲೆ ತಿರುಗಿಸದೆ ಕೇಳಿದ: "ಆ ಹೋಲಿಸೋನು ಎರಡೂ ಒಂದೇ ಆಗಿದ್ರೆ ಏನಂತಾನೆ?"

"ಸೊನ್ನೆ ಅಂತಾನೆ. ವ್ಯತ್ಯಾಸ ಇಲ್ಲ ಅಂತ."

"ನಿಮ್ಮ ಸಿ ಭಾಷೇಲಿ ಸೊನ್ನೆ ಅಂದ್ರೆ 'ಅಲ್ಲ' ಅಂತ ತಾನೆ? ಒಂದು ಈಸ್ಟರ್ ಹಬ್ಬಕ್ಕೆ ಇದನ್ನೇ ನೀನು ಬೈದು ಬೈದು ಕುರಿ ಮಾಂಸ ಸೀದು ಹೋಗಿತ್ತು." ಅವನಿಗೆ ನಗು ಬಂತು. "ಹೌದು ಅನ್ನೋಕೆ ತಲೆ ಅಡ್ಡ ಆಡಿಸೋ ಜನ ಕಣೇ ನಾವು. ಇಂಥದ್ದೂ ಮರೆತುಹೋಗುತ್ತಾ?"

ಹೌದಲ್ಲ! ಹೋಲಿಸುವವನು ಒಂದೇ ಎಂದು ಸೊನ್ನೆ ಕೊಟ್ಟಾಗ ಪ್ರೋಗ್ರಾಂ ಅದನ್ನು 'ಅಲ್ಲ' ಎಂದುಕೊಂಡು ಬಾಯಿ ಮುಚ್ಚುತ್ತಿತ್ತು, ಬೇರೆ ಎಂದಾಗ ತೆರೆಯುತ್ತಿತ್ತು. ಹಾಗಾಗಿ ಹೆಸರುಗಳ ಪಟ್ಟಿಯಲ್ಲಿ ಮೊದಲಿದ್ದ ಆಸ್ಪತ್ರೆಯನ್ನೇ ಎಲ್ಲ ಕಡೆ ಕೂಗಿತ್ತು. ತ್ಸೊನ್ಕಾ ಅದನ್ನು ತಿರುವಿ ಬರೆದು ಬಸ್ಸಿಗೆ ತುಂಬಿದಳು.

"ಮಾರುಕಟ್ಟೆ," ಎಂದಿತು ಬಸ್ಸು. ಅದು ಮಾರುಕಟ್ಟೆಯೇ ಆಗಿತ್ತು.

"ಸದ್ಯ, ಗುಣವಾಯ್ತು," ಎಂದು ಅಜ್ಜಿ ಇಳಿದಳು. ಡಿಮೋವಾ ಮೇಡಂ ತಲೆಯನ್ನು ಅಡ್ಡಡ್ಡ ಆಡಿಸಿದರು. ಅಂದರೆ ಒಪ್ಪಿದರು.

ಸೋಮವಾರ ಬೆಳಿಗ್ಗೆ ಮಿಂಕೊ ಕೋಲು ಹಿಡಿದು ಒಬ್ಬನೇ ಹೊರಟ. ಸ್ವಲ್ಪ ಹೊತ್ತು ಬಿಟ್ಟು ತ್ಸೊನ್ಕಾ ಅಂಗಡಿಗೆ ಫೋನ್ ಮಾಡಿದರೆ, ಅವನು ಬಂದೇ ಇಲ್ಲ ಎಂದರು. ಮತ್ತೆ ಮಾಡಿದಳು, ಇಲ್ಲ. ಅವನ ಫೋನು ಮನೆಯಲ್ಲೇ ಗಂಟೆ ಬಾರಿಸುತ್ತಿತ್ತು. ನನ್ನ ದರಿದ್ರ ಪ್ರೋಗ್ರಾಂ ಅವನನ್ನು ಎಲ್ಲಿ ಇಳಿಸಿತೋ ಎಂದು ನಿಲ್ದಾಣಕ್ಕೆ ಓಡಿ, ಬಂದ ಬಸ್ಸುಗಳೊಳಗೆಲ್ಲ ಇಣುಕಿದಳು. ಮಧ್ಯಾಹ್ನದ ಹೊತ್ತಿಗೆ ಗೆತ್ಸೊನ ಬಸ್ಸು ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಮಿಂಕೊ, ಕೋಲಿನ ಮೇಲೆ ಗದ್ದ ಊರಿ ಕೂತಿದ್ದ.

"ಎಲ್ಲಿ ಹಾಳಾಗಿ ಹೋಗಿದ್ದೆ? ಬಸ್ಸು ತಪ್ಪು ಹೇಳ್ತಾ?"

"ಇಲ್ಲ ಕಣೇ. ಒಂದೂ ತಪ್ಪಲಿಲ್ಲ."

"ಮತ್ತೆ ಇಳೀಲಿಲ್ಲ ಯಾಕೆ?"

ಮಿಂಕೊ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದ.

"ಎರಡು ವರ್ಷ ಆಗಿತ್ತಲ್ಲ," ಎಂದ. "ಊರು ನೋಡ್ತಾ ಕೂತ್‌ಬಿಟ್ಟೆ."